ಹಬ್ಬದ ದಿನ ಅಮ್ಮ ಎಲ್ಲಿ ಕೂತಿರ್ತಾರೆ?

ಕೂತ್ಕೊಳ್ಳಿ. ಹಿಂದೆ ನಿಂತಿರೋ ತಮ್ಮಂದಿರು ಮುಂದೆ ಬನ್ನಿ, ಇಲ್ಲಿ ಎರಡು ಸಾಲು ಖಾಲಿ ಇದೆ.

ಇವತ್ತು ಮುಖ್ಯವಾಗಿ ಮೂರು ಭಾಗ ನೋಡೋಣ. ಧರ್ಮೋಪದೇಶಕಾಂಡ 16ನೇ ಅಧ್ಯಾಯ, ಲೂಕ 10ನೇ ಅಧ್ಯಾಯದ ಕೊನೆ ಭಾಗ, ಆಮೇಲೆ ಅಪೊಸ್ತಲರ ಕೃತ್ಯಗಳು 6. ಫೋನಿನಲ್ಲಿ ಬೈಬಲ್ ತೆರೆಯೋರು ದಯವಿಟ್ಟು ಡೇಟಾ ಆಫ್ ಮಾಡಿ.

ಡಿಸೆಂಬರ್ ಬಂತು. ಡಿಸೆಂಬರ್ 25 ಅನ್ನೋ ತಾರೀಕು ಬೈಬಲ್‌ನಲ್ಲಿ ಎಲ್ಲಿದೆ ಅಂತ ಯಾರಾದರೂ ಒಬ್ಬರು ಪ್ರತಿ ವರ್ಷ ಗ್ರೂಪಿನಲ್ಲಿ ಹಾಕ್ತಾರೆ. ಇಲ್ಲ, ಎಲ್ಲೂ ಇಲ್ಲ. ಆ ಚರ್ಚೆ ಇನ್ನೊಂದು ದಿನ ಇಟ್ಟುಕೊಳ್ಳೋಣ. ತಾರೀಕಿನ ಬಗ್ಗೆ ವಾದ ಮಾಡೋ ಮನೆಯಲ್ಲೂ, ವಾದ ಮಾಡದ ಮನೆಯಲ್ಲೂ, ಆ ದಿನ ಒಲೆ ಮುಂದೆ ನಿಂತಿರೋದು ಮಾತ್ರ ಹೆಚ್ಚಾಗಿ ಒಬ್ಬರೇ. ನಾನು ಮಾತಾಡಬೇಕು ಅಂದುಕೊಂಡಿರೋದು ಅವರ ಬಗ್ಗೆ.

ನಿಮ್ಮ ಅಮ್ಮನ ತಲೆಯಲ್ಲಿ ಈಗ ಏನು ಓಡ್ತಾ ಇದೆ ಅಂತ ಸ್ವಲ್ಪ ಯೋಚನೆ ಮಾಡಿ. ಕಜ್ಜಾಯಕ್ಕೆ ಅಕ್ಕಿ ಯಾವತ್ತು ನೆನೆಹಾಕಬೇಕು? ನೆನೆಸಿ, ನೆರಳಲ್ಲಿ ಆರಿಸಿ, ಪುಡಿ ಮಾಡಿಸಿ, ಬೆಲ್ಲದ ಪಾಕದಲ್ಲಿ ಕಲಸಿ ಎರಡು ಮೂರು ದಿನ ಇಡಬೇಕು. ಅಂದರೆ 20ನೇ ತಾರೀಕಿನೊಳಗೆ ಶುರು ಆಗಬೇಕು. ರೋಸ್ ಕುಕೀಸ್ ಅಚ್ಚು ಹೋದ ವರ್ಷ ಅತ್ತಿಗೆ ತಗೊಂಡು ಹೋಗಿದ್ದರು, ವಾಪಸ್ ಬಂದಿಲ್ಲ. ಗ್ಯಾಸ್ ಸಿಲಿಂಡರ್ ಹಬ್ಬದ ತನಕ ಬರುತ್ತಾ? ಕ್ಯಾರಲ್ಸ್ ತಂಡ ಈ ಸಲ ಎಷ್ಟು ಜನ, ಹದಿನೈದಾ ಇಪ್ಪತ್ತೈದಾ, ಕಾಫಿ ಕೊಡಬೇಕಾ ಜ್ಯೂಸ್ ಸಾಕಾ? ಎದುರು ಮನೆಯ ಆಂಟಿ ಮೊಟ್ಟೆ ಹಾಕಿದ ಕೇಕ್ ತಿನ್ನಲ್ಲ, ಅವರಿಗೆ ಬೇರೆ ಮಾಡಬೇಕು. ದೀಪಾವಳಿಗೆ ಅವರು ತಟ್ಟೆ ತುಂಬ ಕೊಟ್ಟಿದ್ದರು, ಅದೇ ತಟ್ಟೆ ಖಾಲಿ ಕೊಡೋಕಾಗಲ್ಲ. ಮಟನ್‌ಗೆ 24ರ ಸಂಜೆ ಹೋದರೆ ಕ್ಯೂ ನಿಲ್ಲಬೇಕು, ಮುಂಚೆನೇ ಹೇಳಿಡಬೇಕು. ಕರ್ಟನ್ ಒಗೀಬೇಕು. ನಿಮ್ಮ ಹೊಸ ಶರ್ಟಿನ ತೋಳು ಉದ್ದ ಆಗಿದೆ, ಟೈಲರ್ ಹತ್ತಿರ ಕೊಡಬೇಕು. ಇದರ ಮಧ್ಯ ಆಫೀಸು. 26ಕ್ಕೆ ಮತ್ತೆ ಆಫೀಸು.

ನಮ್ಮ ಸಭೆಗಳಲ್ಲಿ ನರ್ಸ್ ಕೆಲಸ ಮಾಡೋ ತಾಯಂದಿರು ಎಷ್ಟು ಜನ ಇದ್ದಾರೆ ಗೊತ್ತಲ್ಲ. 24ರ ರಾತ್ರಿ ಡ್ಯೂಟಿ ಮುಗಿಸಿ, ಬೆಳಿಗ್ಗೆ ಬಸ್ಸಿಳಿದು ನೇರ ಆರಾಧನೆಗೆ ಬಂದು, ಮಧ್ಯಾಹ್ನ ಬಿರಿಯಾನಿಗೆ ಈರುಳ್ಳಿ ಹೆಚ್ಚೋರು. ಸಂದೇಶದ ಮಧ್ಯ ಅವರು ತೂಕಡಿಸಿದರೆ ನಾನಂತೂ ಏನೂ ಅನ್ನಲ್ಲ.

ಕೇಂದ್ರ ಸರ್ಕಾರ 2019ರಲ್ಲಿ ದೇಶದ ಜನ ದಿನದ ಸಮಯವನ್ನ ಹೇಗೆ ಕಳೀತಾರೆ ಅಂತ ಒಂದು ಸಮೀಕ್ಷೆ ಮಾಡಿತು. ಸಂಬಳ ಇಲ್ಲದ ಮನೆಗೆಲಸ ಮಾಡೋರಲ್ಲಿ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ. ಇದರಲ್ಲಿ ಒಂದು ಸೂಕ್ಷ್ಮ ಇದೆ. 97 ಅನ್ನೋದು ಕೆಲಸ ಮಾಡುವ ಗಂಡಸರ ಲೆಕ್ಕ ಮಾತ್ರ. ಆ ದಿನ ಒಂದಿಷ್ಟಾದರೂ ಮನೆಗೆಲಸ ಮಾಡಿದ ಗಂಡಸರು ನೂರಕ್ಕೆ 26 ಜನ ಅಷ್ಟೇ. ಇದು ಮಾಮೂಲಿ ದಿನಗಳ ಕಥೆ. ಹಬ್ಬದ ವಾರದ ಲೆಕ್ಕ ನಿಮ್ಮ ಮನೆಯಲ್ಲೇ ಹಾಕಿ ನೋಡಿ.

ಈಗ ವಾಕ್ಯಕ್ಕೆ ಬರೋಣ. ಧರ್ಮೋಪದೇಶಕಾಂಡ 16ರಲ್ಲಿ ದೇವರು ಹಬ್ಬ ಹೇಗೆ ಮಾಡಬೇಕು ಅಂತ ಹೇಳ್ತಾನೆ. 11ನೇ ವಚನದಲ್ಲಿ ಇರೋದು ವಾರಗಳ ಹಬ್ಬ. ಹೊಸ ಒಡಂಬಡಿಕೆಯಲ್ಲಿ ಇದೇ ಪಂಚಾಶತ್ತಮ ಹಬ್ಬ. ಪೆಂತೆಕೊಸ್ತ್ ಅಂತ ನಾವು ಹೆಸರಿಟ್ಟುಕೊಂಡಿರೋದು ಇದೇ ಹಬ್ಬದಿಂದ, ಹಾಗಾಗಿ ನಾವು ಇದನ್ನ ಸ್ವಲ್ಪ ಗಮನ ಇಟ್ಟು ಓದಬೇಕು. ಆ ದಿನ ಯಾರ್ಯಾರು ಸಂತೋಷಪಡಬೇಕು ಅಂತ ಅಲ್ಲಿ ಪಟ್ಟಿ ಇದೆ. ನೀನು, ನಿನ್ನ ಮಗ, ಮಗಳು, ದಾಸ, ದಾಸಿ, ಊರಲ್ಲಿರೋ ಲೇವಿಯ, ಪರದೇಶಿ, ತಂದೆಯಿಲ್ಲದ ಮಗು, ವಿಧವೆ. ಹಬ್ಬದ ಅಡಿಗೆ ಬಡಿಸೋಕೆ ನಿಂತಿರ್ತಾರಲ್ಲ ಆ ದಾಸಿ, ಅವಳ ಹೆಸರೂ ಪಟ್ಟಿಯಲ್ಲಿದೆ. ಅವಳೂ ಸಂತೋಷಪಡಬೇಕು. ಇದು ಸಲಹೆ ಅಲ್ಲ, ಆಜ್ಞೆ.

ಪಟ್ಟಿಯಲ್ಲಿ ಹೆಂಡತಿ ಎಲ್ಲಿ ಅಂತ ಒಬ್ಬ ತಂಗಿ ಯುವಜನ ಕೂಟದಲ್ಲಿ ಕೇಳಿದಳು. ಒಳ್ಳೆ ಪ್ರಶ್ನೆ. ‘ನೀನು’ ಅನ್ನೋದರಲ್ಲೇ ಗಂಡ ಹೆಂಡತಿ ಇಬ್ಬರೂ ಇದ್ದಾರೆ ಅಂತ ಅನೇಕ ವ್ಯಾಖ್ಯಾನಕಾರರು ಹೇಳ್ತಾರೆ, ನನಗೂ ಅದೇ ಸರಿ ಅನಿಸುತ್ತೆ. ದಾಸಿಯನ್ನ ಹಬ್ಬಕ್ಕೆ ಕಳಿಸಿ ಮನೆಯೊಡತಿಯನ್ನ ಒಲೆ ಮುಂದೆ ನಿಲ್ಲಿಸೋ ಧರ್ಮಶಾಸ್ತ್ರ ಯಾವುದಿದೆ ಹೇಳಿ? 1 ಸಮುವೇಲ 1ರಲ್ಲಿ ಎಲ್ಕಾನ ಪ್ರತಿ ವರ್ಷ ಇಡೀ ಕುಟುಂಬ ಕರ್ಕೊಂಡು ಶೀಲೋವಿಗೆ ಹೋಗ್ತಿದ್ದ. ಅಲ್ಲಿ ಊಟದ ಭಾಗಗಳನ್ನ ಹಂಚ್ತಿದ್ದದ್ದು ಯಾರು? ಎಲ್ಕಾನ. ಪೆನಿನ್ನಳಿಗೆ, ಅವಳ ಗಂಡು ಹೆಣ್ಣು ಮಕ್ಕಳಿಗೆ, ಹನ್ನಳಿಗೆ, ಮನೆಯ ಯಜಮಾನನೇ ಹಾಕಿ ಕೊಡ್ತಿದ್ದ.

ನಮ್ಮ ಅಮ್ಮ ಹಬ್ಬದ ದಿನ ಎಲ್ಲರೂ ಉಂಡ ಮೇಲೆ, ತಳದಲ್ಲಿ ಉಳಿದ ಅನ್ನಕ್ಕೆ ಬರೀ ಗ್ರೇವಿ ಹಾಕ್ಕೊಂಡು ನಿಂತ್ಕೊಂಡೇ ತಿಂತಿದ್ದರು. ‘ನನಗೆ ಪೀಸ್ ಅಷ್ಟು ಇಷ್ಟ ಇಲ್ಲ ಕಣೋ’ ಅನ್ನೋರು. ಚಿಕ್ಕಮ್ಮ ಒಂದು ಸಲ ಮಾತಿಗೆ ಹೇಳಿದರು, ಚಿಕ್ಕವರಿದ್ದಾಗ ನಲ್ಲಿಮೂಳೆಗೆ ಮನೇಲಿ ಜಗಳ ಆಡ್ತಿದ್ದದ್ದು ನಿಮ್ಮಮ್ಮನೇ ಅಂತ. ನಿಮ್ಮ ಮನೆಯಲ್ಲೂ ಹೀಗೆ ‘ಇಷ್ಟ ಇಲ್ಲ’ ಅನ್ನೋರು ಇದ್ದಾರಾ? ಕೈ ಎತ್ತಬೇಡಿ, ಸುಮ್ಮನೆ ನೆನಪು ಮಾಡ್ಕೊಳ್ಳಿ.

ಇನ್ನೊಂದು ವಚನ. ವಿಮೋಚನಕಾಂಡ 35:3. ಸಬ್ಬತ್ ದಿನ ಮನೆಗಳಲ್ಲಿ ಬೆಂಕಿ ಹೊತ್ತಿಸಬಾರದು ಅನ್ನೋ ಆಜ್ಞೆ. ನಾವು ಇದನ್ನ ಹಳೆ ಕಾಲದ ನಿಯಮ ಅಂತ ದಾಟಿ ಹೋಗ್ತೀವಿ. ನಾವು ಅದರ ಕೆಳಗಿಲ್ಲ, ಸರಿ. ಆದರೆ ಆ ನಿಯಮದಿಂದ ವಿಶ್ರಾಂತಿ ಸಿಕ್ಕಿದ್ದು ಯಾರಿಗೆ? ಹೊಲಕ್ಕೆ ಹೋಗೋರಿಗೆ ಎತ್ತು ಬಿಚ್ಚಿದರೆ ರಜೆ. ಅಡಿಗೆ ಮಾಡೋರಿಗೆ ಒಲೆ ಆರಿದರೆ ಮಾತ್ರ ರಜೆ. ಅರಣ್ಯದಲ್ಲಿ ದೇವರು ಆರನೇ ದಿನ ಎರಡರಷ್ಟು ಮನ್ನ ಕೊಟ್ಟು, ಬೇಯಿಸೋದನ್ನ ಇವತ್ತೇ ಬೇಯಿಸಿಡಿ ಅಂದ. ದೇವರು ವಿಶ್ರಾಂತಿ ಅಂದಾಗ ಅಡಿಗೆಮನೆಯನ್ನೂ ಲೆಕ್ಕಕ್ಕೆ ತಗೊಂಡೇ ಅಂದಿದ್ದಾನೆ. ಸ್ತೋತ್ರ.

ಈಗ ನೀವೆಲ್ಲ ಕಾಯ್ತಿರೋ ಮಾರ್ಥ ಮರಿಯ. ಲೂಕ 10:38ರಿಂದ 42. ಈ ಭಾಗದ ಮೇಲೆ ನೀವು ಕೇಳಿರೋ ಪ್ರಸಂಗ ನನಗೆ ಗೊತ್ತು. ಮಾರ್ಥ ಅಡಿಗೆಮನೆ, ಮರಿಯ ಆರಾಧನೆ, ಆದ್ದರಿಂದ ಮರಿಯಳ ಹಾಗೆ ಇರಿ, ಆಮೆನ್. ಆ ಪ್ರಸಂಗ ಮುಗಿಸಿ ಪಾಸ್ಟರ್ ಯಾರ ಮನೆಗೆ ಊಟಕ್ಕೆ ಹೋಗ್ತಾರೆ? ಮಾರ್ಥಳ ಮನೆಗೆ. ಯುವಕರು ಗಿಟಾರ್ ಹಿಡ್ಕೊಂಡು ಕಣ್ಣು ಮುಚ್ಚಿ ಹಾಡ್ತಾ ತಮ್ಮನ್ನ ಮರಿಯ ಅಂದುಕೊಳ್ತಾರೆ, ಮನೆಯಲ್ಲಿ ದೋಸೆ ಹುಯ್ಯೋ ಅಮ್ಮನಿಗೆ ‘ನೀನು ತುಂಬ ಮಾರ್ಥ ಆಗ್ತಿದೀಯ ಮಮ್ಮಿ’ ಅಂತಾರೆ. ಇದನ್ನ ನಾನು ಕಿವಿಯಾರೆ ಕೇಳಿದ್ದೀನಿ.

ವಾಕ್ಯದಲ್ಲಿ ನಿಜವಾಗಿ ಏನಿದೆ ನೋಡಿ. ಯೇಸು ಮಾರ್ಥಳ ಅಡಿಗೆಯನ್ನ ತಪ್ಪು ಅನ್ನಲಿಲ್ಲ. ಅವಳ ಹೆಸರನ್ನ ಎರಡು ಸಲ ಕರೆದು, ನೀನು ಎಷ್ಟೊಂದು ವಿಷಯಗಳನ್ನ ತಲೆಗೆ ಹಚ್ಕೊಂಡು ಚಿಂತೆ ಮಾಡ್ತಿದೀಯ ಅಂದ. ಅವನು ನೋಡಿದ್ದು ಅವಳ ತಲೆಯೊಳಗಿನ ಪಟ್ಟಿಯನ್ನ. ಮರಿಯ ಕೂತಿದ್ದದ್ದು ಪಾದದ ಹತ್ತಿರ. ಅದು ಶಿಷ್ಯನ ಜಾಗ. ಪೌಲನು ತಾನು ಗಮಲಿಯೇಲನ ಪಾದದ ಬಳಿ ಕಲಿತೆ ಅಂತ ಅಪೊಸ್ತಲರ ಕೃತ್ಯಗಳು 22ರಲ್ಲಿ ಹೇಳೋದು ಇದೇ ಅರ್ಥದಲ್ಲಿ. ಒಬ್ಬ ಹೆಂಗಸಿಗೆ ಆ ಜಾಗ ಸಿಕ್ಕಿದೆ, ಅದನ್ನ ಅವಳಿಂದ ಯಾರೂ ಕಿತ್ಕೊಳ್ಳಲ್ಲ ಅಂತ ಯೇಸು ಹೇಳಿಬಿಟ್ಟ. ಹಾಗಾದರೆ ಈ ಭಾಗ ನಿಮ್ಮ ಅಮ್ಮನನ್ನ ಬೈಯೋಕೆ ಕೊಟ್ಟಿದ್ದಲ್ಲ. ಆ ಜಾಗ ನಿಮ್ಮ ಅಮ್ಮನಿಗೂ ಇದೆ. ಪ್ರಶ್ನೆ ಇರೋದು, ಹಬ್ಬದ ದಿನ ಅದನ್ನ ಅವರಿಂದ ಕಿತ್ಕೊಳ್ತಿರೋದು ಯಾರು ಅಂತ.

ಇದೇ ಮಾರ್ಥ ಯೋಹಾನ 11:27ರಲ್ಲಿ ತಮ್ಮನ ಸಾವಿನ ದುಃಖದಲ್ಲಿ ನಿಂತು, ಯೇಸುವೇ ಕ್ರಿಸ್ತನು, ದೇವರ ಮಗನು ಅಂತ ಅರಿಕೆ ಮಾಡಿದಳು. ಪೇತ್ರನ ಅರಿಕೆಗೆ ಏನೂ ಕಡಿಮೆ ಇಲ್ಲ. ಮುಂದಿನ ಅಧ್ಯಾಯದಲ್ಲಿ ಅವಳು ಮತ್ತೆ ಬಡಿಸ್ತಾ ಇದ್ದಾಳೆ. ಈ ಸಲ ಕರ್ತನು ಏನೂ ಹೇಳಲಿಲ್ಲ.

ಸರಿ, ಮಾರ್ಥ ಬಂದು ಕೂತರೆ ಊಟ ಯಾರು ಮಾಡೋದು? ಅಪೊಸ್ತಲರ ಕೃತ್ಯಗಳು 6. ದಿನದ ಊಟ ಹಂಚುವಾಗ ಗ್ರೀಕ್ ಭಾಷೆಯ ವಿಧವೆಯರು ಬಿಟ್ಟುಹೋಗ್ತಿದ್ದರು, ಗೊಣಗಾಟ ಶುರುವಾಯಿತು. ಆದಿಸಭೆ ಏನು ಮಾಡಿತು? ಏಳು ಜನ ಗಂಡಸರನ್ನ ಆರಿಸಿತು. ಯೋಗ್ಯತೆ ಏನು? ಒಳ್ಳೆ ಹೆಸರು, ಪವಿತ್ರಾತ್ಮನ ತುಂಬುವಿಕೆ, ವಿವೇಕ. ಊಟ ಬಡಿಸೋಕೆ ಆತ್ಮಭರಿತರು ಬೇಕಾಯಿತು! ಮಾರ್ಥಳ ಕೆಲಸಕ್ಕೆ ಲೂಕ ಬಳಸಿದ ಗ್ರೀಕ್ ಪದ ಡಿಯಾಕೊನಿಯಾ. ಇಲ್ಲೂ ಅದೇ ಲೂಕ, ಅದೇ ಪದ. ಡೀಕನ್ ಅನ್ನೋ ಮಾತೂ ಇದೇ ಬೇರಿಂದ ಬಂದಿದ್ದು. ಆ ಏಳು ಜನರಲ್ಲಿ ಸ್ತೆಫನ ಇದ್ದ, ಫಿಲಿಪ್ಪ ಇದ್ದ. ನಾವು ಅಭಿಷೇಕ ಬೇಕು, ವರ ಬೇಕು ಅಂತ ರಾತ್ರಿಯಿಡೀ ಪ್ರಾರ್ಥನೆ ಮಾಡ್ತೀವಿ. ಅಭಿಷೇಕ ಇದ್ದೋರಿಗೆ ಆವತ್ತು ಸಿಕ್ಕಿದ ಮೊದಲ ಕೆಲಸ ಸೌಟು ಹಿಡಿಯೋದು.

ನಾವು ವಾಕ್ಯದ ಸೇವೆ ಬಿಟ್ಟು ಬಡಿಸೋದು ಸರಿಯಲ್ಲ ಅಂತ ಅಪೊಸ್ತಲರು ಅಲ್ಲೇ ಹೇಳಿದ್ದಾರಲ್ಲ, ಪಾಸ್ಟರ್? ಹೇಳಿದ್ದಾರೆ. ನಮ್ಮಂಥ ಬೋಧಕರು ತಪ್ಪಿಸ್ಕೊಳ್ಳೋಕೆ ಹಿಡ್ಕೊಳ್ಳೋದು ಅದೇ ವಚನ. ಆದರೆ ಲೂಕ 22:8 ನೋಡಿ, ಪಸ್ಕದ ಊಟ ಸಿದ್ಧ ಮಾಡೋಕೆ ಯೇಸು ಕಳಿಸಿದ್ದು ಪೇತ್ರ ಮತ್ತು ಯೋಹಾನರನ್ನ. ಆ ರಾತ್ರಿ ಸೊಂಟಕ್ಕೆ ಟವೆಲ್ ಕಟ್ಟಿದ್ದು ಸ್ವತಃ ಕರ್ತನು. ಯೋಹಾನ 21ರಲ್ಲಿ, ಪುನರುತ್ಥಾನ ಆದ ಮೇಲೆ, ಕೆರೆ ದಡದಲ್ಲಿ ಕೆಂಡ ಮಾಡಿ, ಮೀನು ಸುಟ್ಟು, ರೊಟ್ಟಿ ಇಟ್ಕೊಂಡು, ಬನ್ನಿ ಊಟ ಮಾಡಿ ಅಂತ ಕರೆದದ್ದೂ ಅವನೇ. ಮರಣ ಜಯಿಸಿದ ಕೈ ಅದು. ಹಲ್ಲೆಲೂಯಾ.

ಇಲ್ಲಿ ಒಂದು ಎಚ್ಚರಿಕೆ. ಮನೆಗೆ ಹೋದ ತಕ್ಷಣ ‘ಅಮ್ಮಾ, ಈ ಸಲ ಏನೂ ಮಾಡಬೇಡ, ಸ್ವಿಗ್ಗಿಯಲ್ಲಿ ತರಿಸೋಣ’ ಅನ್ನಬೇಡಿ. ತರಿಸೋದು ಪಾಪ ಅಲ್ಲ, ಸುಸ್ತಾದ ದಿನ ತರಿಸಿ. ಆದರೆ 1 ಸಮುವೇಲ 2:19 ಓದಿ. ಹನ್ನಳು ಪ್ರತಿ ವರ್ಷ ಒಂದು ಚಿಕ್ಕ ನಿಲುವಂಗಿ ಹೊಲಿದು ಹಬ್ಬಕ್ಕೆ ಹೋಗುವಾಗ ಸಮುವೇಲನಿಗೆ ತಗೊಂಡು ಹೋಗ್ತಿದ್ದಳು. ವರ್ಷಕ್ಕೊಮ್ಮೆ ನೋಡೋ ಮಗ. ಈ ವರ್ಷ ಎಷ್ಟು ಎತ್ತರ ಆಗಿರ್ತಾನೆ, ತೋಳು ಎಷ್ಟಿರಬೇಕು, ಎಲ್ಲ ಅಂದಾಜಿನಲ್ಲೇ. ಆ ಅಂಗಿ ಅವಳಿಗೆ ಹೊರೆ ಅಲ್ಲ, ಅದು ಅವಳ ಪ್ರಾರ್ಥನೆ. ನಿಮ್ಮ ಅಮ್ಮನ ಕಜ್ಜಾಯವೂ ಹಾಗೇ ಇರಬಹುದು. ‘ಮಾಡಬೇಡ’ ಅಂದರೆ ಅವರಿಗೆ ನೋವಾಗುತ್ತೆ. ‘ಏನಾದರೂ ಹೆಲ್ಪ್ ಬೇಕಾ’ ಅಂದರೂ ‘ಬೇಡ, ನೀನು ಹೋಗಿ ಓದ್ಕೋ’ ಅಂತಾರೆ. ಯಾಕಂದರೆ ನಿಮಗೆ ಕೆಲಸ ಹೇಳಿಕೊಡೋದೂ ಅವರಿಗೆ ಒಂದು ಕೆಲಸ. ಕೇಳಬೇಡಿ, ಪಟ್ಟಿಯಿಂದ ಒಂದನ್ನ ಪೂರ್ತಿ ನಿಮ್ಮ ತಲೆಗೆ ತಗೊಳ್ಳಿ. ಮಟನ್ ನನ್ನದು ಅಂದರೆ, ಹೇಳಿಡೋದು, ಕ್ಯೂ ನಿಲ್ಲೋದು, ತೊಳೆಯೋದು, ಎಲ್ಲ ನಿಮ್ಮದೇ. ಅಮ್ಮ ನೆನಪಿಸಬೇಕಾಗಿ ಬಂತು ಅಂದರೆ ಆ ಕೆಲಸ ಇನ್ನೂ ಅಮ್ಮನ ತಲೆಯಲ್ಲೇ ಇದೆ ಅಂತ ಅರ್ಥ.

ರೋಸ್ ಕುಕೀಸ್ ಮಾಡೋಕೆ ಇಬ್ಬರು ಬೇಕು. ಒಬ್ಬರು ಕಾದ ಅಚ್ಚನ್ನ ಹಿಟ್ಟಿನಲ್ಲಿ ಅದ್ದಿ ಎಣ್ಣೆಗಿಡಬೇಕು, ಇನ್ನೊಬ್ಬರು ಬಿಡಿಸಿ ತೆಗೀಬೇಕು. ಅಚ್ಚನ್ನ ಪೂರ್ತಿ ಮುಳುಗಿಸಬೇಡಿ, ಮೇಲೆ ಹಿಟ್ಟು ಬಂದರೆ ಬಿಡಲ್ಲ. ಮೊದಲ ಐದಾರು ಹಾಳಾಗುತ್ತೆ, ಅದನ್ನ ನೀವೇ ತಿನ್ನಿ. ಸಂಜೆ ಎರಡು ಗಂಟೆ ಅಮ್ಮನ ಪಕ್ಕ ನಿಂತರೆ, ಅವರು ಚಿಕ್ಕವರಿದ್ದಾಗಿನ ಹಬ್ಬದ ಕಥೆ ಒಂದಾದರೂ ಹೊರಗೆ ಬರುತ್ತೆ. ತಾಯಿ ಇಲ್ಲದವರು ಇಲ್ಲಿ ಇದ್ದೀರಿ, ನನಗೆ ಗೊತ್ತು. ಮನೆಯಿಂದ ದೂರ ಪಿಜಿಯಲ್ಲಿ ಇರೋರೂ ಇದ್ದೀರಿ. ಧರ್ಮೋಪದೇಶಕಾಂಡದ ಪಟ್ಟಿಯಲ್ಲಿ ಪರದೇಶಿಗೂ ತಂದೆಯಿಲ್ಲದವರಿಗೂ ಜಾಗ ಇತ್ತು. 25ಕ್ಕೆ ನೀವು ಎಲ್ಲಿ ಊಟ ಮಾಡ್ತೀರಿ ಅಂತ ಆರಾಧನೆ ಮುಗಿದ ಮೇಲೆ ನನ್ನ ಹತ್ತಿರ ಬಂದು ಹೇಳಿ. ಎಲ್ಲಿಯೂ ಇಲ್ಲ ಅಂದರೆ ನಮ್ಮ ಮನೆಗೆ ಬನ್ನಿ, ಈರುಳ್ಳಿ ಹೆಚ್ಚೋ ಕೆಲಸ ಇದೆ.

ಸಭೆಯ ಕ್ರಿಸ್‌ಮಸ್ ಊಟದ ವಿಷಯ ಕೊನೆಯದಾಗಿ ಒಂದು ಮಾತು. ಎಷ್ಟೋ ಸಭೆಗಳಲ್ಲಿ ಸಹೋದರಿಯರು ಬೆಳಗಿನ ಜಾವ ನಾಲ್ಕಕ್ಕೆ ಬಂದು, ಹಿಂದಿನ ಶೆಡ್ಡಿನಲ್ಲಿ ಹೊಗೆಯ ಮಧ್ಯ ಸ್ಪೀಕರಿನಲ್ಲಿ ಸಂದೇಶ ಕೇಳ್ತಾರೆ. ಈ ವರ್ಷ ನಮ್ಮಲ್ಲಿ ಆ ಶೆಡ್ಡಿಗೆ ಹದಿನಾಲ್ಕು ಜನ ಯುವಕರು ಬೇಕು. ಏಳು ಜನ ಅಡಿಗೆಗೆ, ಏಳು ಜನ ಬಡಿಸೋಕೆ ಮತ್ತು ಪಾತ್ರೆಗೆ. ಅಡಿಗೆ ಭಟ್ಟರೊಬ್ಬರು ಬಂದು ತೋರಿಸಿಕೊಡ್ತಾರೆ, ಉಪ್ಪು ಹೆಚ್ಚಾದರೂ ಪರವಾಗಿಲ್ಲ. ಮುಂದಿನ ಎರಡು ಸಾಲು ತಾಯಂದಿರಿಗೆ ಮೀಸಲು. ಬಾಗಿಲ ಹತ್ತಿರ ಒಂದು ಹಾಳೆ ಪೆನ್ನು ಇಟ್ಟಿದ್ದೀನಿ. ಈಗ ಎದ್ದು ನಿಲ್ಲಿ, ಪ್ರಾರ್ಥನೆ ಮಾಡೋಣ. ತಾಯಂದಿರು ಮಾತ್ರ ಕೂತೇ ಇರಿ.