ಎಸಿ: ಆನ್‌ಲೈನೋ, ಅಂಗಡಿಯೋ?

ಕಲಬುರಗಿಯ ಓದುಗರೊಬ್ಬರು ಒಂದೂವರೆ ಟನ್‌ನ ಸ್ಪ್ಲಿಟ್ ಎಸಿ ಕೊಳ್ಳಲಿದ್ದಾರೆ. ಆನ್‌ಲೈನ್‌ನಲ್ಲಿ ಬೆಲೆ ಕಡಿಮೆ, ಊರಿನ ಡೀಲರ್ ಬಳಿ ತುಸು ಹೆಚ್ಚು. ಯಾವುದು ಲೇಸು ಎಂಬುದು ಅವರ ಪ್ರಶ್ನೆ.

ಅವರು ಹೋಲಿಸಬೇಕಾದ್ದು ಗೋಡೆಗೇರಿದ ಎಸಿಯ ಒಟ್ಟು ಖರ್ಚನ್ನು. ಜೊತೆಗೆ ಬರುವ ತಾಮ್ರದ ಪೈಪು ಸಾಮಾನ್ಯವಾಗಿ 3 ಮೀಟರ್ ಆಸುಪಾಸು. ಔಟ್‌ಡೋರ್ ಯೂನಿಟ್ ತಾರಸಿಯಲ್ಲಿಟ್ಟರೆ ಹೆಚ್ಚುವರಿ ಪೈಪು, ಸ್ಟ್ಯಾಂಡಿನ ದುಡ್ಡು ಬೇರೆ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಅದರ ಲಾಭ ಎರಡೂ ಕಡೆ ಒಂದೇ.

ಜೋಡಣೆಯೇ ಮುಖ್ಯ. ಗ್ಯಾಸ್ ಬಿಡುವ ಮುನ್ನ ಮೆಕ್ಯಾನಿಕ್ ವ್ಯಾಕ್ಯೂಮ್ ಪಂಪ್ ಹಚ್ಚಿ ಪೈಪಿನೊಳಗಿನ ಗಾಳಿ, ತೇವ ತೆಗೆಯಲೇಬೇಕು. ಅವು ಉಳಿದರೆ ಕಂಪ್ರೆಸರ್‌ಗೆ ಕುತ್ತು.

ಕಂಪನಿಯ ಅಧಿಕೃತ ಮೆಕ್ಯಾನಿಕ್ ಬರುವುದು ಖಾತ್ರಿಯಿದ್ದರೆ ಆನ್‌ಲೈನ್‌ನಲ್ಲೇ ಕೊಳ್ಳಲಿ. ಇಲ್ಲವಾದರೆ ಮನೆಗೆ ಬಂದು ಜಾಗ ನೋಡಿ, ಕೊಟೇಶನ್ ಬರೆದುಕೊಡುವ ಡೀಲರೇ ಮೇಲು. ಬಿಲ್ಲಿನಲ್ಲಿ ಎರಡೂ ಯೂನಿಟ್‌ಗಳ ಸೀರಿಯಲ್ ನಂಬರ್ ಇರುವಂತೆ ನೋಡಿಕೊಳ್ಳಲಿ.