ಅಪಘಾತಗಳ ದಾಖಲೆ: ವಹಿಯಿಂದ ತಂತ್ರಾಂಶದೆಡೆಗೆ

1984ರ ಡಿಸೆಂಬರ್ 2 ಮತ್ತು 3ರ ನಡುವಿನ ರಾತ್ರಿ ಭೋಪಾಲದ ಕೀಟನಾಶಕ ಕಾರ್ಖಾನೆಯಿಂದ ಮೀಥೈಲ್ ಐಸೋಸಯನೇಟ್ ಅನಿಲ ಸೋರಿ ಸಾವಿರಾರು ಜನರು ಪ್ರಾಣ ಕಳೆದುಕೊಂಡರು. ಈ ದುರಂತವು ಮುನ್ಸೂಚನೆಯಿಲ್ಲದೆ ಬಂದುದಲ್ಲ. 1981ರ ಡಿಸೆಂಬರಿನಲ್ಲಿ ಅದೇ ಕಾರ್ಖಾನೆಯಲ್ಲಿ ಫಾಸ್ಜೀನ್ ಅನಿಲಕ್ಕೆ ಕಾರ್ಮಿಕನೊಬ್ಬ ಬಲಿಯಾಗಿದ್ದನು. 1982ರ ಮೇ ತಿಂಗಳಿನಲ್ಲಿ ಅಮೆರಿಕದಿಂದ ಬಂದ ತಪಾಸಣಾ ತಂಡವು ಹಲವು ನ್ಯೂನತೆಗಳನ್ನು ಪಟ್ಟಿ ಮಾಡಿತ್ತು. ಆದರೂ ದುರಂತದ ರಾತ್ರಿ ಶೀತಲೀಕರಣ ವ್ಯವಸ್ಥೆ ಸ್ಥಗಿತಗೊಂಡಿತ್ತು. ಅನಿಲವನ್ನು ಸುಡುವ ಗೋಪುರವೂ ಕೆಲಸಕ್ಕೆ ಒದಗಲಿಲ್ಲ. ದಾಖಲೆ ಇರುವುದು ಬೇರೆ, ದಾಖಲೆಯ ಮೇಲೆ ಕ್ರಮ ಕೈಗೊಳ್ಳುವುದು ಬೇರೆ ಎಂಬುದೇ ಇದರ ಪಾಠ. ಈ ಎರಡರ ನಡುವಣ ಅಂತರವನ್ನು ತಗ್ಗಿಸಲು ಗಣಕಯಂತ್ರ ಹೇಗೆ ನೆರವಾಗಬಲ್ಲದು ಎಂಬುದನ್ನು ಉದ್ಯಮಿಗಳು ತಿಳಿಯುವುದು ಅವಶ್ಯಕ.

ಕಾನೂನಿನ ಹೊಣೆ

ಸಾವು ಅಥವಾ 48 ಗಂಟೆ ಇಲ್ಲವೇ ಅದಕ್ಕೂ ಹೆಚ್ಚು ಕಾಲ ಕೆಲಸಕ್ಕೆ ಬಾರದಂತೆ ಮಾಡುವ ಗಾಯ ಸಂಭವಿಸಿದಲ್ಲಿ ಸೂಚನೆ ನೀಡಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆಯ 88ನೇ ಕಲಮು ವಿಧಿಸಿತ್ತು. ಆ ಕಾಯ್ದೆಯೂ ಸೇರಿದಂತೆ 13 ಕಾಯ್ದೆಗಳನ್ನು ಒಗ್ಗೂಡಿಸಿದ 2020ರ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯು 2025ರ ನವೆಂಬರ್ 21ರಂದು ಜಾರಿಗೆ ಬಂದಿತು. ಅದರ 10ನೇ ಕಲಮು ಅಪಘಾತಗಳ ಬಗೆಗೂ, 11ನೆಯದು ಅಪಾಯಕಾರಿ ಘಟನೆಗಳ ಬಗೆಗೂ, 12ನೆಯದು ವೃತ್ತಿಜನ್ಯ ರೋಗಗಳ ಬಗೆಗೂ ಸೂಚನೆಯನ್ನು ಕಡ್ಡಾಯಗೊಳಿಸಿವೆ. ಪರಿಸರದ ವಿಷಯದಲ್ಲಿ, ಅಪಘಾತದಿಂದ ವಿಷಕಾರಿ ದ್ರವ ಹಳ್ಳಕ್ಕೋ ಬಾವಿಗೋ ಚರಂಡಿಗೋ ಸೇರಿದರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೂಡಲೇ ತಿಳಿಸಬೇಕೆಂದು 1974ರ ಜಲ ಕಾಯ್ದೆಯ 31ನೇ ಕಲಮು ಹೇಳುತ್ತದೆ. ವಾಯು ಮಾಲಿನ್ಯಕ್ಕೆ 1981ರ ಕಾಯ್ದೆಯ 23ನೇ ಕಲಮು ಅನ್ವಯಿಸುತ್ತದೆ.

ತಂತ್ರಾಂಶದ ಕಾರ್ಯವಿಧಾನ

ವಹಿಯಲ್ಲಿ ಬರೆದ ಘಟನೆ ಪುಟ ಮಗುಚಿದೊಡನೆ ಮರೆಯಾಗುತ್ತದೆ. ತಂತ್ರಾಂಶದಲ್ಲಿ ಪ್ರತಿ ಘಟನೆಗೂ ಒಂದು ಕ್ರಮಸಂಖ್ಯೆ ದೊರೆಯುತ್ತದೆ. ಸ್ಥಳ, ವೇಳೆ, ಪಾಳಿ, ಯಂತ್ರ, ಗಾಯದ ಸ್ವರೂಪ, ಸೋರಿದ ವಸ್ತು ಮತ್ತು ಅದರ ಪ್ರಮಾಣ ಪ್ರತ್ಯೇಕವಾಗಿ ನಮೂದಾಗುತ್ತವೆ. ಬಳಿಕ ತನಿಖೆ, ಮೂಲ ಕಾರಣ, ಪರಿಹಾರ ಕ್ರಮ, ಅದಕ್ಕೆ ಹೊಣೆಯಾದವರು, ಮುಗಿಸಬೇಕಾದ ದಿನಾಂಕ ಎಂಬ ಹಂತಗಳು ಬರುತ್ತವೆ. ದಿನಾಂಕ ಮೀರಿದರೆ ಮೇಲಧಿಕಾರಿಗೆ ತಾನಾಗಿಯೇ ಸೂಚನೆ ಹೋಗುತ್ತದೆ. ಯಾರು ಯಾವಾಗ ಏನನ್ನು ತಿದ್ದಿದರು ಎಂಬುದೂ ಉಳಿಯುವುದರಿಂದ ದಾಖಲೆಯನ್ನು ಗುಟ್ಟಾಗಿ ಬದಲಿಸುವುದು ಕಷ್ಟ.

ಉದಾಹರಣೆಗೆ, ಪ್ರೆಸ್ ಯಂತ್ರವೊಂದರ ರಕ್ಷಣಾ ಕವಚ ಸಡಿಲವಾಗಿ, ಕೆಲಸಗಾರನ ಕೈ ಕೂದಲೆಳೆಯಷ್ಟರಲ್ಲಿ ಪಾರಾಯಿತೆನ್ನೋಣ. ಗಾಯವಿಲ್ಲದ ಕಾರಣ ಇದು ವಹಿಗೆ ಬರುವುದೇ ವಿರಳ. ಆದರೆ ಇಂತಹ ಮೂರು ಘಟನೆಗಳು ಒಂದೇ ಯಂತ್ರದಲ್ಲಿ, ಒಂದೇ ಪಾಳಿಯಲ್ಲಿ ನಡೆದವೆಂದು ತಂತ್ರಾಂಶ ತೋರಿಸಿದರೆ, ನಾಲ್ಕನೆಯದರಲ್ಲಿ ಬೆರಳು ಹೋಗುವ ಮುನ್ನವೇ ಕವಚವನ್ನು ಸರಿಪಡಿಸಬಹುದು.

ಲೆಕ್ಕ ಹಾಕುವ ಬಗೆ

ಭಾರತೀಯ ಮಾನಕ 3786ರ ಪ್ರಕಾರ, ಕೆಲಸದ ದಿನ ನಷ್ಟವಾದ ಅಪಘಾತಗಳ ಸಂಖ್ಯೆಯನ್ನು 10 ಲಕ್ಷದಿಂದ ಗುಣಿಸಿ, ದುಡಿದ ಒಟ್ಟು ಮಾನವ ಗಂಟೆಗಳಿಂದ ಭಾಗಿಸಿದರೆ ಅಪಘಾತಗಳ ಆವರ್ತನ ದರ ದೊರೆಯುತ್ತದೆ. 200 ಜನರು ದಿನಕ್ಕೆ 8 ಗಂಟೆಯಂತೆ 300 ದಿನ ದುಡಿದರೆ 4,80,000 ಗಂಟೆಗಳಾಗುತ್ತವೆ. ಮೂರು ಅಪಘಾತಗಳಾಗಿದ್ದರೆ ದರ 6.25. ಅವುಗಳಿಂದ 72 ದಿನ ನಷ್ಟವಾಗಿದ್ದರೆ, ಇದೇ ಕ್ರಮದಲ್ಲಿ ತೀವ್ರತಾ ದರ 150. ಆದರೆ 40 ಜನರ ಘಟಕದಲ್ಲಿ ಒಂದೇ ಅಪಘಾತವೂ ದರವನ್ನು 10ರ ಮೇಲೇರಿಸುತ್ತದೆ. ಒಂದೂ ಆಗದಿದ್ದರೆ ಸೊನ್ನೆ. ಆದ್ದರಿಂದ ಸಣ್ಣ ಉದ್ದಿಮೆಗಳಿಗೆ ಈ ದರಕ್ಕಿಂತ ತಪ್ಪಿದ ಅಪಘಾತಗಳ ಸಂಖ್ಯೆ ಮತ್ತು ಬಾಕಿ ಉಳಿದ ಪರಿಹಾರ ಕ್ರಮಗಳೇ ಹೆಚ್ಚು ಉಪಯುಕ್ತ ಮಾಪಕಗಳು.

ಎಚ್ಚರ ವಹಿಸಬೇಕಾದ ಅಂಶಗಳು

ಅಪಘಾತರಹಿತ ದಿನಗಳಿಗೆ ಬಹುಮಾನ ಇಟ್ಟಲ್ಲಿ ಗಾಯವನ್ನು ಮುಚ್ಚಿಡುವ ಪ್ರವೃತ್ತಿ ಬೆಳೆಯುತ್ತದೆ. ವರದಿ ಮಾಡಿದವನಿಗೇ ನೋಟೀಸು ಕೊಟ್ಟರೆ ಮುಂದಿನ ವರದಿ ಬಾರದು. ಗುತ್ತಿಗೆ ಕಾರ್ಮಿಕರ ಗಾಯಗಳನ್ನೂ ಅವರು ದುಡಿದ ಗಂಟೆಗಳನ್ನೂ ಲೆಕ್ಕಕ್ಕೆ ಸೇರಿಸದಿದ್ದರೆ ಅಂಕಿಅಂಶಗಳು ಸುಳ್ಳಾಗುತ್ತವೆ. ಹೊರರಾಜ್ಯಗಳಿಂದ ಬಂದ ಕೆಲಸಗಾರರಿಗೆ ಅವರ ಭಾಷೆಯಲ್ಲಿ, ಓದುಬರಹ ಬಾರದವರಿಗೆ ಮೇಸ್ತ್ರಿಯ ಮೂಲಕ ಅಥವಾ ಚಿತ್ರ ತೆಗೆದು ವರದಿ ಮಾಡುವ ಅವಕಾಶವಿರಬೇಕು.

ದುಬಾರಿ ತಂತ್ರಾಂಶದಿಂದಲೇ ಆರಂಭಿಸಬೇಕೆಂದಿಲ್ಲ. ಮೊದಲಿಗೆ ಗಣಕಯಂತ್ರದ ಸಾಮಾನ್ಯ ಲೆಕ್ಕಪಟ್ಟಿಯೇ ಸಾಕು. ಮೇಲೆ ಹೇಳಿದ ಅಂಶಗಳಿಗೆ ಒಂದೊಂದು ಕಾಲಂ ಇರಲಿ. ಘಟನೆಗಳು ಹೆಚ್ಚಾಗಿ, ಘಟಕಗಳು ಒಂದಕ್ಕಿಂತ ಹೆಚ್ಚಾದಾಗ ವಿಶೇಷ ತಂತ್ರಾಂಶವನ್ನು ಕೊಳ್ಳಬಹುದು. ಆದರೆ ವಾರಕ್ಕೊಮ್ಮೆ ಮಾಲೀಕರೋ ವ್ಯವಸ್ಥಾಪಕರೋ ಬಾಕಿ ಕ್ರಮಗಳ ಪಟ್ಟಿಯನ್ನು ತೆರೆದು ನೋಡುವ ಪದ್ಧತಿ ಮಾತ್ರ ಮೊದಲ ದಿನದಿಂದಲೇ ಇರತಕ್ಕದ್ದು. ತಂತ್ರಾಂಶ ನೆನಪಿಸಬಲ್ಲದು, ಕವಚವನ್ನು ಬಿಗಿಗೊಳಿಸಬೇಕಾದವರು ಮನುಷ್ಯರೇ.