ಬೂಷ್ಟನ್ನೇ ತಿನ್ನುವ ಬೂಷ್ಟು

ಮಕ್ಕಳೇ, ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯ ಎರೆ ಹೊಲಗಳಲ್ಲಿ ಹಿಂಗಾರಿ ಬಂತೆಂದರೆ ಕಡಲೆ ಬಿತ್ತುತ್ತಾರೆ. ಕೆಲವೇ ದಿನಗಳಲ್ಲಿ ಸಾಲುಗಳು ಹಸಿರಾಗುತ್ತವೆ. ಆದರೆ ಕೆಲವೊಮ್ಮೆ ಎರಡು ಮೂರು ವಾರದ ಸಸಿಗಳು ಅಲ್ಲಲ್ಲಿ ಹಳದಿಯಾಗಿ ವಾಲಿ ಬೀಳುತ್ತವೆ. ಮತ್ತೆ ಬೀಜ ತಂದು ಬಿತ್ತೋಣವೆಂದರೆ ಅಷ್ಟರಲ್ಲಿ ಹೊಲದ ಹಸಿ ಆರಿರುತ್ತದೆ. ಬೀಜದ ಹಣವೂ ಹೋಯಿತು, ಬೆಳೆಯೂ ಹೋಯಿತು.

ಸಸಿಯನ್ನು ಕೊಂದವರು ಯಾರು? ಹುಳುವೇ? ನೀರು ಹೆಚ್ಚಾಯಿತೇ? ಉತ್ತರ ಮಣ್ಣಿನೊಳಗೆ ಇದೆ. ಅದನ್ನು ಹುಡುಕುವುದು ಹೇಗೆಂದು ಈ ಪಾಠದಲ್ಲಿ ಕಲಿಯೋಣ.

ರೋಗದ ಗುರುತು

ಸತ್ತ ಸಸಿಯ ಬುಡವನ್ನು ನೋಡಿ. ಮಣ್ಣಿಗೆ ತಾಗುವ ಭಾಗದಲ್ಲಿ ಹತ್ತಿಯ ಎಳೆಗಳಂತಹ ಬಿಳಿ ಬೂಷ್ಟು ಇದ್ದು, ಕಾಂಡ ಕೊಳೆತಿದ್ದರೆ ಅದು ಬುಡ ಕೊಳೆ ರೋಗ. ಈ ರೋಗ ತರುವ ಶಿಲೀಂಧ್ರದ ಹೆಸರು ಸ್ಕ್ಲೆರೋಷಿಯಂ ರೋಲ್ಫ್ಸಿ. ಇದು ಕಡಲೆಗಷ್ಟೇ ಅಲ್ಲ, ಶೇಂಗಾ, ಟೊಮೆಟೊ ಮುಂತಾದ ನೂರಾರು ಬಗೆಯ ಗಿಡಗಳಿಗೂ ತಗಲುತ್ತದೆ. ಮಣ್ಣಿನಲ್ಲಿ ಹಸಿ ಹೆಚ್ಚಿದ್ದು, ಸರಿಯಾಗಿ ಕೊಳೆಯದ ಕಸಕಡ್ಡಿ ಇದ್ದರೆ ಚೆನ್ನಾಗಿ ಹಬ್ಬುತ್ತದೆ.

ಕಡಲೆಗೆ ಸೊರಗು ರೋಗವೂ ಬರುತ್ತದೆ. ಅದರಲ್ಲೂ ಗಿಡ ಬಾಡುತ್ತದೆ. ಆದರೆ ಬುಡದಲ್ಲಿ ಬಿಳಿ ಎಳೆಗಳು ಇರುವುದಿಲ್ಲ. ಕಾಂಡವನ್ನು ಉದ್ದಕ್ಕೆ ಸೀಳಿದರೆ ಒಳಗೆ ಕಂದು ಗೆರೆ ಕಾಣುತ್ತದೆ. ಅದು ಬೇರೆ ಶಿಲೀಂಧ್ರದ ಕೆಲಸ.

ಸಾಸಿವೆಯಲ್ಲ, ಮೊಟ್ಟೆಯೂ ಅಲ್ಲ

ಬಿಳಿ ಎಳೆಗಳ ನಡುವೆ ಸಣ್ಣ ಗುಂಡುಗಳು ಮೂಡುತ್ತವೆ. ಮೊದಲು ಬಿಳಿ, ಆಮೇಲೆ ಕಂದು. ಗಾತ್ರ ಸುಮಾರು 1ರಿಂದ 2 ಮಿಲಿಮೀಟರ್. ನೋಡಲು ಥೇಟ್ ಸಾಸಿವೆ ಕಾಳು. ಕೆಲವರು ಇವನ್ನು ಹುಳುವಿನ ಮೊಟ್ಟೆ ಎಂದುಕೊಳ್ಳುತ್ತಾರೆ. ಇವು ಶಿಲೀಂಧ್ರದ ಎಳೆಗಳೇ ಒತ್ತೊತ್ತಾಗಿ ಸೇರಿ ಆದ ಗಟ್ಟಿ ಗುಂಡುಗಳು. ಇವಕ್ಕೆ ಸ್ಕ್ಲೆರೋಷಿಯಾ ಎನ್ನುತ್ತಾರೆ. ಬೆಳೆ ಇಲ್ಲದಾಗ, ಬಿಸಿಲು ಸುಡುವಾಗ ಶಿಲೀಂಧ್ರವು ಈ ಗುಂಡಿನೊಳಗೆ ನಿದ್ದೆ ಮಾಡುತ್ತದೆ. ಮಣ್ಣಿನಲ್ಲಿ ವರ್ಷಗಟ್ಟಲೆ ಹೀಗೇ ಉಳಿದು, ಹಸಿ ಸಿಕ್ಕಾಗ ಮೊಳೆಯುತ್ತದೆ.

ಕಡಲೆಯ ಬೇರಿನಲ್ಲಿಯೂ ಗಂಟುಗಳಿರುತ್ತವೆ. ಅವುಗಳನ್ನು ಗುಂಡುಗಳೆಂದು ತಪ್ಪು ತಿಳಿಯಬೇಡಿ. ಬೇರುಗಂಟು ಬೇರಿಗೆ ಅಂಟಿಕೊಂಡಿರುತ್ತದೆ, ಒಡೆದರೆ ಒಳಗೆ ನಸುಗೆಂಪು. ಅದು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಗೆಳೆಯ. ರೋಗದ ಗುಂಡು ಬುಡದ ಮೇಲೆ ಇಲ್ಲವೇ ಮಣ್ಣಿನಲ್ಲಿ ಇರುತ್ತದೆ, ಒಡೆದರೆ ಒಳಗೆ ಬಿಳಿ.

ಶತ್ರುವಿಗೂ ಒಬ್ಬ ಶತ್ರು

ಇನ್ನೊಂದು ಜೀವಿಯ ಮೇಲೆ ಬೆಳೆದು ಅದರಿಂದಲೇ ಆಹಾರ ಪಡೆಯುವ ಜೀವಿ ಪರಾವಲಂಬಿ. ಆಹಾರ ಕೊಡುವ ಜೀವಿ ಆತಿಥೇಯ. ಇಲ್ಲಿ ಕಡಲೆ ಗಿಡ ಆತಿಥೇಯ, ಬಿಳಿ ಬೂಷ್ಟು ಪರಾವಲಂಬಿ. ಆದರೆ ಈ ಬಿಳಿ ಬೂಷ್ಟಿಗೂ ಒಬ್ಬ ಪರಾವಲಂಬಿ ಇದೆ! ಅದರ ಹೆಸರು ಟ್ರೈಕೋಡರ್ಮಾ. ಅದೂ ಮಣ್ಣಿನಲ್ಲಿಯೇ ಬದುಕುವ ಶಿಲೀಂಧ್ರ.

ಟ್ರೈಕೋಡರ್ಮಾ ತನ್ನ ಎಳೆಯನ್ನು ರೋಗದ ಶಿಲೀಂಧ್ರದ ಎಳೆಗೆ ಬಳ್ಳಿಯಂತೆ ಸುತ್ತುತ್ತದೆ. ನಂತರ ಕಿಣ್ವಗಳನ್ನು ಸುರಿಸಿ ಅದರ ಕೋಶಭಿತ್ತಿಯನ್ನು ಕರಗಿಸಿ ಒಳಗಿನ ಸಾರ ಹೀರುತ್ತದೆ. ಗಟ್ಟಿ ಗುಂಡುಗಳನ್ನೂ ಬಿಡುವುದಿಲ್ಲ. ಅದು ಹೊಕ್ಕ ಗುಂಡು ಮೆತ್ತಗಾಗಿ, ಸ್ವಲ್ಪ ಒತ್ತಿದರೆ ಪುಡಿಯಾಗುತ್ತದೆ. 1932ರಲ್ಲಿ ಅಮೆರಿಕದಲ್ಲಿ ರಿಚರ್ಡ್ ವೈಂಡ್ಲಿಂಗ್ ಎಂಬ ವಿಜ್ಞಾನಿ, ಟ್ರೈಕೋಡರ್ಮಾ ಬೇರೆ ಶಿಲೀಂಧ್ರಗಳ ಮೇಲೆ ಹೀಗೆ ಬದುಕುತ್ತದೆಂದು ತೋರಿಸಿಕೊಟ್ಟರು. ಅವರು ನೋಡಿದ ಆತಿಥೇಯಗಳಲ್ಲಿ ರೈಜೋಕ್ಟೋನಿಯಾ ಸೊಲಾನಿ ಒಂದು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಬೆಳೆಯುವ ಭತ್ತಕ್ಕೂ ಎಲೆಕವಚದ ರೋಗ ತರುವ ಶಿಲೀಂಧ್ರ ಅದೇ. ಅದರ ಗುಂಡುಗಳು ನೀರಿನ ಮೇಲೆ ತೇಲಿ ಗದ್ದೆಯಿಂದ ಗದ್ದೆಗೆ ಹೋಗುತ್ತವೆ.

ದೂರದ ಕಾಡಿನಲ್ಲಿಯೂ ಇದೇ ಕಥೆ

ಯುರೋಪ್, ಅಮೆರಿಕ, ಜಪಾನ್ ದೇಶಗಳ ತಂಪು ಕಾಡುಗಳಲ್ಲಿ ಎಲಾಫೋಮೈಸಿಸ್ ಎಂಬ ಶಿಲೀಂಧ್ರವಿದೆ. ಅದರ ಕಾಯಿಯಂತಹ ಗುಂಡು ನೆಲದೊಳಗೇ ಬೆಳೆಯುತ್ತದೆ. ದಪ್ಪ ಸಿಪ್ಪೆ, ಬಲಿತಾಗ ಒಳಗೆ ಕಪ್ಪು ಛಾಯೆಯ ಪುಡಿ. ಆ ಪುಡಿಯೇ ಅದರ ಬೀಜಾಣುಗಳು. ನಮ್ಮ ಹೊಲದ ಗುಂಡಿನಲ್ಲಿ ಬೀಜಾಣು ಇರುವುದಿಲ್ಲ. ಇದೇ ಎರಡಕ್ಕೂ ಇರುವ ದೊಡ್ಡ ವ್ಯತ್ಯಾಸ.

ಎಲಾಫೋಮೈಸಿಸ್ ಮೇಲೆ ಟಾಲಿಪೊಕ್ಲೇಡಿಯಂ ಎಂಬ ಪರಾವಲಂಬಿ ಶಿಲೀಂಧ್ರ ಬೆಳೆಯುತ್ತದೆ. ನೆಲದ ಮೇಲೆ ಕಾಣುವುದು ಅದರ ಕಪ್ಪು ಕಡ್ಡಿಯಂತಹ ಭಾಗ ಮಾತ್ರ. ಅದನ್ನು ಹಿಡಿದು ಎಳೆದರೆ ಕೆಳಗಿನ ಹಳದಿ ಎಳೆಗಳು ಹರಿದು ಗುಂಡು ನೆಲದಲ್ಲಿಯೇ ಉಳಿಯುತ್ತದೆ. ಎಳೆದವರು 'ಇದು ಬರೀ ಮಣ್ಣಿನಲ್ಲಿ ಬೆಳೆಯುತ್ತದೆ' ಎಂದುಕೊಳ್ಳುತ್ತಾರೆ. ಎಳೆಗಳ ಜಾಡು ಹಿಡಿದು ನಿಧಾನವಾಗಿ ಅಗೆದವರಿಗೆ ಮಾತ್ರ ಆತಿಥೇಯ ಸಿಗುತ್ತದೆ. ಹೊಲದಲ್ಲಿಯೂ ಇದೇ ನಿಯಮ.

ಮಾಡಿ ನೋಡಿ

ಬೇಕಾಗುವ ವಸ್ತುಗಳು: ಖುರ್ಪಿ, ಬಿಳಿ ಕಾಗದ, ಭೂತಗನ್ನಡಿ, ಮುಚ್ಚಳವಿರುವ ಗಾಜಿನ ಬಾಟಲಿ, ಒದ್ದೆ ಹತ್ತಿ.

1. ಶಿಕ್ಷಕರ ಜೊತೆ, ಹೊಲದವರನ್ನು ಕೇಳಿ ಹೋಗಿ. ವಾಲಿದ ಸಸಿಯನ್ನು ಕೀಳಬೇಡಿ. ಸುತ್ತಲಿನ ಮಣ್ಣಿನ ಸಮೇತ ಅಗೆದು ಕಾಗದದ ಮೇಲೆ ಇಡಿ.
2. ಬುಡದಲ್ಲಿ ಬಿಳಿ ಎಳೆ ಇದೆಯೇ? ಗುಂಡುಗಳು ಇವೆಯೇ? ಬೇರುಗಂಟು ಯಾವುದು? ಭೂತಗನ್ನಡಿಯಲ್ಲಿ ನೋಡಿ ಚಿತ್ರ ಬರೆಯಿರಿ.
3. ಐದಾರು ಗುಂಡುಗಳನ್ನು ಬಾಟಲಿಯ ಒದ್ದೆ ಹತ್ತಿಯ ಮೇಲಿಟ್ಟು ಮುಚ್ಚಿ. ಒಂದು ವಾರ ತೆರೆಯದೆ ಹೊರಗಿನಿಂದಲೇ ನೋಡಿ.

ಬಿಳಿ ಎಳೆಗಳು ಹೊರಟರೆ ಗುಂಡು ಜೀವಂತವಾಗಿದೆ ಎಂದು ಊಹಿಸಬಹುದು. ಗುಂಡಿನ ಮೇಲೆ ಹಸಿರು ಪದರ ಬಂದರೆ ಅದು ಟ್ರೈಕೋಡರ್ಮಾ ಇರಬಹುದು. ಟ್ರೈಕೋಡರ್ಮಾ ಮೊದಲು ಬಿಳಿಯಾಗಿದ್ದು, ಬೀಜಾಣು ಬಂದಾಗ ಹಸಿರಾಗುತ್ತದೆ. ಆದರೆ ಹಸಿರಾದದ್ದೆಲ್ಲ ಟ್ರೈಕೋಡರ್ಮಾ ಅಲ್ಲ. ರೊಟ್ಟಿ, ಶೇಂಗಾ ಮೇಲೆ ಬರುವ ಬೇರೆ ಬೂಷ್ಟುಗಳೂ ಹಸಿರಾಗಿರುತ್ತವೆ. ಖಚಿತವಾಗಿ ಹೇಳಲು ಸೂಕ್ಷ್ಮದರ್ಶಕ ಬೇಕು.

ಎಚ್ಚರಿಕೆ: ಬೂಷ್ಟನ್ನು ಮೂಸಬೇಡಿ. ಕೈಗಳನ್ನು ಸಾಬೂನಿನಿಂದ ತೊಳೆಯಿರಿ. ಕೊನೆಗೆ ಶಿಕ್ಷಕರು ಬಾಟಲಿಗೆ ಕುದಿಯುವ ನೀರು ಹಾಕಲಿ. ಗುಂಡುಗಳನ್ನು ಹಾಗೆಯೇ ಹೊಲಕ್ಕೆ ಎಸೆಯಬಾರದು.

ಮನೆಯಲ್ಲಿ ಹೇಳಿ

ಟ್ರೈಕೋಡರ್ಮಾ ಪುಡಿ ಪ್ಯಾಕೆಟ್‌ನಲ್ಲಿ ಸಿಗುತ್ತದೆ. ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು. ಬಿತ್ತುವ ಮುಂಚೆ ಒಂದು ಕಿಲೋ ಕಡಲೆ ಬೀಜಕ್ಕೆ 4 ಗ್ರಾಂ ಪುಡಿ ಲೇಪಿಸುವುದು ರೂಢಿ. ಚೆನ್ನಾಗಿ ಕಳಿತ ತಿಪ್ಪೆಗೊಬ್ಬರದಲ್ಲಿ ಬೆರೆಸಿ, ನೆರಳಿನಲ್ಲಿ ಹಸಿಯಾಗಿಟ್ಟು, ಅದು ಬೆಳೆದ ಮೇಲೆ ಹೊಲಕ್ಕೆ ಹಾಕುವುದೂ ಉಂಟು. ಪುಡಿಯಲ್ಲಿರುವುದು ಜೀವಂತ ಬೀಜಾಣುಗಳು. ಆದ್ದರಿಂದ ಪ್ಯಾಕೆಟ್ಟನ್ನು ಬಿಸಿಲಿನಲ್ಲಿ ಇಡಬಾರದು, ಅದರ ಮೇಲಿನ ದಿನಾಂಕ ಮೀರಿರಬಾರದು. ಶಿಲೀಂಧ್ರನಾಶಕ ಔಷಧವನ್ನು ಇದರೊಂದಿಗೆ ಬೆರೆಸಿದರೆ ರೋಗದ ಜೊತೆ ಗೆಳೆಯನೂ ಸಾಯಬಹುದು.

ಬೂಷ್ಟು ಎಂದಾಕ್ಷಣ ಶತ್ರು ಎನ್ನಬೇಡಿ. ಯಾರು ಯಾರನ್ನು ತಿನ್ನುತ್ತಿದ್ದಾರೆ ಎಂದು ಮೊದಲು ಅಗೆದು ನೋಡಿ.

ಪ್ರಶ್ನೆಗಳು

1. ಬುಡ ಕೊಳೆ ರೋಗಕ್ಕೂ ಸೊರಗು ರೋಗಕ್ಕೂ ಇರುವ ಎರಡು ವ್ಯತ್ಯಾಸ ತಿಳಿಸಿ.
2. ಬೇರುಗಂಟನ್ನೂ ರೋಗದ ಗುಂಡನ್ನೂ ಹೇಗೆ ಗುರುತಿಸುವಿರಿ?
3. ಕಡಲೆ, ಸ್ಕ್ಲೆರೋಷಿಯಂ, ಟ್ರೈಕೋಡರ್ಮಾ — ಇವುಗಳಲ್ಲಿ ಪರಾವಲಂಬಿಯೂ ಆತಿಥೇಯವೂ ಆಗಿರುವುದು ಯಾವುದು? ಏಕೆ?